ಟೈಲ್ಸ್ ಹಾಕುವ ಹಿಂದಿನ ದಿನ ನೀವು ಎಲ್ಲಿದ್ದಿರಿ?

ಮನೆ ನವೀಕರಣ ಮಾಡಿಸುವವರು ನನ್ನಂಥ ಸಿವಿಲ್ ಎಂಜಿನಿಯರ್‌ಗಳನ್ನು ಕರೆಯುವುದು ಎರಡೇ ಹೊತ್ತಿನಲ್ಲಿ. ಒಂದು, ಕೆಲಸ ಶುರುವಾಗುವ ಮುಂಚೆ. ಕಂಟ್ರ್ಯಾಕ್ಟರ್ ಕೊಟ್ಟ ಕೊಟೇಶನ್ ಸರಿಯಾಗಿದೆಯಾ ನೋಡಿ ಹೇಳಿ ಅಂತ. ಇನ್ನೊಂದು, ಎಲ್ಲ ಮುಗಿದು ಒಂದಷ್ಟು ತಿಂಗಳಾದ ಮೇಲೆ. ಬಚ್ಚಲಿನ ಆಚೆ ಬದಿಯ ಗೋಡೆ ಒದ್ದೆಯಾಗಿದೆ, ಪೇಂಟು ಉದುರುತ್ತಿದೆ, ಬೇಗ ಬನ್ನಿ ಅಂತ. ನಡುವಿನ ದಿನಗಳಲ್ಲಿ ಯಾರೂ ಕರೆಯುವುದಿಲ್ಲ. ನಾನು ನೋಡಬೇಕಾದ್ದು, ನೀವೂ ನೋಡಬೇಕಾದ್ದು ಇರುವುದೆಲ್ಲ ಆ ನಡುವಿನ ದಿನಗಳಲ್ಲೇ.

ಲೈಸೆನ್ಸ್ ಇರುವ ಕಂಟ್ರ್ಯಾಕ್ಟರನ್ನೇ ಹಿಡಿಯಬೇಕು, ಕರಾರು ಬರಹದಲ್ಲಿರಬೇಕು, ಪೂರ್ತಿ ದುಡ್ಡನ್ನು ಮುಂಗಡವಾಗಿ ಕೊಡಬಾರದು. ಇಷ್ಟು ಈಗ ಬಹುತೇಕ ಎಲ್ಲರಿಗೂ ಗೊತ್ತಿದೆ. ಆದರೆ ಲೈಸೆನ್ಸಿನ ಫೋಟೋ ನೋಡಿ ಸುಮ್ಮನಾಗಬೇಡಿ. ಅದನ್ನು ಕೊಟ್ಟ ಇಲಾಖೆಯಲ್ಲೇ ನಂಬರ್ ಕೊಟ್ಟು ವಿಚಾರಿಸಿ. ಅವಧಿ ಮುಗಿದಿದೆಯಾ, ನಿಮ್ಮ ಕೆಲಸಕ್ಕೆ ಆ ದರ್ಜೆ ಸಾಲುತ್ತದೆಯಾ, ಕರಾರಿನಲ್ಲಿರುವ ಹೆಸರೂ ಲೈಸೆನ್ಸಿನ ಹೆಸರೂ ಒಂದೇನಾ ಅಂತ ನೋಡಿ. ನಿಯಮಗಳು ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ವೈರಿಂಗ್ ಕೆಲಸಕ್ಕೆ ಮಾತ್ರ ಲೈಸೆನ್ಸ್ ಕೇಳುತ್ತಾರೆ, ಕೆಲವು ಕಡೆ ಪ್ಲಂಬಿಂಗಿಗೂ ಕಟ್ಟಡದ ಕೆಲಸಕ್ಕೂ ಬೇಕು. ಅದನ್ನು ನಿಮ್ಮ ಜಾಗದಲ್ಲಿ ನೀವೇ ಕೇಳಿ ತಿಳಿದುಕೊಳ್ಳಬೇಕು.

ನನಗೆ ಬೇಸರ ತರಿಸುವುದು ಇದರ ನಂತರದ ಮಾತು. "ಲೈಸೆನ್ಸ್ ಇರೋರು ಮಾಡ್ತಿದಾರೆ ಸಾರ್, ನಾವೇನು ನೋಡೋದು?" ತಿಳಿದವರು, ಓದಿದವರು, ಬೇರೆ ವಿಷಯದಲ್ಲಿ ಪೈಸೆ ಪೈಸೆ ಲೆಕ್ಕ ಇಡುವವರು ಕೂಡ ಹೀಗೆ ಹೇಳುತ್ತಾರೆ. ಲೈಸೆನ್ಸ್ ಹೇಳುವುದು ಇಷ್ಟೇ: ಈ ಮನುಷ್ಯನಿಗೆ ಕೆಲಸ ಗೊತ್ತಿದೆ ಅಂತ ಒಂದು ಇಲಾಖೆ ಒಪ್ಪಿದೆ, ಎಡವಟ್ಟಾದರೆ ದೂರು ಕೊಡಲು ಒಂದು ಬಾಗಿಲು ಇದೆ. ನಿಮ್ಮ ಬಚ್ಚಲಿನ ಮೂಲೆಯಲ್ಲಿ ಮೊನ್ನೆ ಮಧ್ಯಾಹ್ನ ವಾಟರ್‌ಪ್ರೂಫಿಂಗ್ ಎಷ್ಟು ಕೋಟ್ ಬಳಿದರು ಅನ್ನುವುದನ್ನು ಅದು ಹೇಳುವುದಿಲ್ಲ. ಬಳಿದವರು ಬಹುಶಃ ಲೈಸೆನ್ಸ್ ಇರುವವರೇ ಅಲ್ಲ. ಕಂಟ್ರ್ಯಾಕ್ಟರ್ ತುಂಡು ಗುತ್ತಿಗೆಗೆ ಕರೆತಂದ ತಂಡದ ಹುಡುಗ. ಇದು ತಪ್ಪೇನಲ್ಲ, ಕಟ್ಟಡದ ಕೆಲಸ ನಡೆಯುವುದೇ ಹೀಗೆ. ಹುಡುಗ ಒಳ್ಳೆಯ ಕೆಲಸಗಾರನೇ ಇರಬಹುದು. ಆದರೆ ಅವನ ಕೆಲಸದ ಮೇಲೆ ಯಾರಾದರೂ ಒಬ್ಬರು ಕಣ್ಣಿಡಬೇಕು, ಅಲ್ವಾ? ಅದೂ ಮುಚ್ಚುವ ಮುಂಚೆ.

ಮುಚ್ಚುವ ಮುಂಚೆ ಅಂದೆ. ನವೀಕರಣದಲ್ಲಿ ಮುಖ್ಯವಾದ ಕೆಲಸವೆಲ್ಲ ಮುಚ್ಚಿಹೋಗುವ ಕೆಲಸ. ಟೈಲ್ಸಿನ ಕೆಳಗೆ, ಪ್ಲಾಸ್ಟರಿನ ಒಳಗೆ, ಸೀಲಿಂಗಿನ ಮೇಲೆ. ಕಣ್ಣಿಗೆ ಕಾಣುವುದು ಕೆಟ್ಟರೆ ಬದಲಾಯಿಸುವುದು ಸುಲಭ. ನಲ್ಲಿ ಚೆನ್ನಾಗಿಲ್ಲ ಅನ್ನಿಸಿದರೆ ತಿರುಗಿಸಿ ಬೇರೆ ಹಾಕಬಹುದು. ಒಳಗಿನದು ಕೆಟ್ಟರೆ ಮೇಲಿನದನ್ನೆಲ್ಲ ಒಡೆಯಬೇಕು. ಆದರೂ ಮನೆಯವರು ಟೈಲ್ಸ್ ಆರಿಸಲು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ, ಅದರ ಕೆಳಗಿನ ಪದರ ಹಾಕುವ ದಿನ ಫೋನಿನಲ್ಲಿ "ಆಯ್ತಾ?" ಅಂತ ಕೇಳಿ ಬಿಟ್ಟುಬಿಡುತ್ತಾರೆ.

ಬಚ್ಚಲನ್ನೇ ತೆಗೆದುಕೊಳ್ಳಿ. ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಟೈಲ್ಸಿನ ನಡುವಿನ ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ. ದಿನಾ ಸ್ನಾನ ಮಾಡುವ ಕಡೆ ಸ್ವಲ್ಪ ಸ್ವಲ್ಪವೇ ನೀರು ಕೆಳಗಿಳಿಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಟೈಲ್ಸಿನ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಅದು ನೆಲದಲ್ಲಿ ಮಾತ್ರ ಇದ್ದರೆ ಸಾಲದು. ಗೋಡೆಯ ಮೇಲೆ ಕಡಿಮೆ ಅಂದರೂ 150 ಮಿಲಿಮೀಟರ್ ಏರಬೇಕು. ಶವರ್ ಇರುವ ಕಡೆ ಸುಮಾರು 1800 ಮಿಲಿಮೀಟರ್‌ವರೆಗೆ ಹೋಗುವುದು ಒಳ್ಳೆಯ ರೂಢಿ. ನೆಲ ಗೋಡೆ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ಮಾಡಿಕೊಳ್ಳಬೇಕು. ಚೂಪು ಮೂಲೆಯಲ್ಲಿ ಪದರ ತೆಳುವಾಗಿ ಅಲ್ಲಿಯೇ ಸೀಳುತ್ತದೆ. ಪೈಪು ನೆಲವನ್ನು ತೂರಿ ಹೋಗುವ ಕಡೆ ಸುತ್ತಲೂ ಬೇರೆ ಆರೈಕೆ ಬೇಕು. ನಾನು ನೋಡಿದ ಸೋರಿಕೆಗಳಲ್ಲಿ ಜಾಸ್ತಿ ಪಾಲು ಶುರುವಾಗಿದ್ದು ಈ ಎರಡು ಜಾಗದಲ್ಲೇ: ಮೂಲೆ ಮತ್ತು ಪೈಪಿನ ಸುತ್ತ.

ಎರಡು ಕೋಟ್ ಬಳಿಯಬೇಕು ಅಂದರೆ ಎರಡು ಬೇರೆ ಬಣ್ಣದಲ್ಲಿ ಬಳಿಯಲು ಹೇಳಿ, ಆ ಕಂಪನಿಯ ವಸ್ತು ಎರಡು ಬಣ್ಣದಲ್ಲಿ ಸಿಗುವುದಾದರೆ. ಮೊದಲನೆಯದು ಬೂದು, ಎರಡನೆಯದು ಬಿಳಿ ಅಂತಿಟ್ಟುಕೊಳ್ಳಿ. ಬೂದು ಎಲ್ಲಾದರೂ ಇಣುಕುತ್ತಿದ್ದರೆ ಎರಡನೇ ಕೋಟ್ ಅಲ್ಲಿ ಬಿದ್ದಿಲ್ಲ. ಇದನ್ನು ತಿಳಿಯಲು ಎಂಜಿನಿಯರ್ ಬೇಕಾಗಿಲ್ಲ. ಮೊದಲ ಕೋಟ್ ಒಂದು ದಿಕ್ಕಿಗೆ ಬಳಿದರೆ ಎರಡನೆಯದು ಅದಕ್ಕೆ ಅಡ್ಡವಾಗಿ. ನಡುವೆ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಅದು ನಿಮಗೂ ಬರೆದದ್ದೇ.

ಆಮೇಲೆ ನೀರು ಕಟ್ಟುವುದು. ಈ ಪರೀಕ್ಷೆಗೆ ಹತ್ತಿರಹತ್ತಿರ ಖರ್ಚೇ ಇಲ್ಲ, ಆದರೂ ಜನ ಬಿಟ್ಟುಬಿಡುವುದು ಇದನ್ನೇ. ಡ್ರೈನಿನ ಬಾಯಿ ಮುಚ್ಚಿ, ಬಾಗಿಲಿಗೆ ಸಣ್ಣ ಕಟ್ಟೆ ಕಟ್ಟಿ, ಎರಡು ಮೂರು ಸೆಂಟಿಮೀಟರ್ ನೀರು ತುಂಬಿ ಕನಿಷ್ಠ 24 ಗಂಟೆ ಬಿಡಬೇಕು. ಕೆಳಗಿನ ಮನೆಯ ಸೀಲಿಂಗ್ ನೋಡಬೇಕು, ನೀರಿನ ಮಟ್ಟವನ್ನೂ ನೋಡಬೇಕು. ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ ಈ ಪರೀಕ್ಷೆ ನಡೆದದ್ದನ್ನು ನಾನು ಮರೆಯುವುದಿಲ್ಲ. ಅವರು ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ನೀರಿನ ಮಟ್ಟಕ್ಕೆ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದರು. ಮಾರನೆಯ ದಿನ ನೀರು ಗೆರೆಗಿಂತ ಸ್ವಲ್ಪ ಕೆಳಗಿತ್ತು. ಗಾಳಿಗೆ ಆರಿದೆ ಅಂತ ಮೇಸ್ತ್ರಿ ಹೇಳಿದರು. ಅವರು ಹೇಳಿದ್ದು ಸುಳ್ಳಾಗಬೇಕಿರಲಿಲ್ಲ. ಆಕೆ ವಾದ ಮಾಡಲಿಲ್ಲ. ನೀರಿನೊಳಗೇ ಒಂದು ಅಗಲ ಬಾಯಿಯ ಡಬ್ಬಿ ಇಟ್ಟು ಅದಕ್ಕೂ ಅಷ್ಟೇ ಮಟ್ಟಕ್ಕೆ ನೀರು ಹಾಕಿ ಇನ್ನೊಂದು ದಿನ ಕಾಯಿರಿ ಅಂದರು. ಡಬ್ಬಿಯ ನೀರು ಇಳಿದದ್ದು ಆರಿದ್ದು. ಹೊರಗಿನದು ಅದಕ್ಕಿಂತ ಜಾಸ್ತಿ ಇಳಿದರೆ ಅದು ಸೋರಿದ್ದು. ಹೊರಗಿನದೇ ಜಾಸ್ತಿ ಇಳಿದಿತ್ತು. ಪೈಪಿನ ಸುತ್ತ ಮತ್ತೆ ಕೆಲಸ ಮಾಡಿದರು, ಮತ್ತೆ ನೀರು ಕಟ್ಟಿದರು. ಮೂರನೇ ದಿನಕ್ಕೆ ಮೇಸ್ತ್ರಿಯೇ ಉತ್ಸಾಹದಿಂದ ಬಗ್ಗಿ ಗೆರೆ ನೋಡುತ್ತಿದ್ದರು. ಟೈಲ್ಸ್ ಹಾಕುವುದು ಕೆಲವು ದಿನ ತಡವಾಯಿತು, ಅಷ್ಟೇ.

ಇಳಿಜಾರಿನ ಬಗ್ಗೆ ಒಂದು ಮಾತು. ಡ್ರೈನಿನ ಕಡೆಗೆ ಮೀಟರಿಗೆ 10ರಿಂದ 20 ಮಿಲಿಮೀಟರ್ ಇಳಿಯಬೇಕು. ಅದು ಟೈಲ್ಸಿನ ಕೆಳಗಿನ ಗಾರೆಯಲ್ಲೇ ಇರಬೇಕು. ಟೈಲ್ಸ್ ಹಾಕುವಾಗ ಹೊಂದಿಸುತ್ತೇವೆ ಅಂದರೆ ಒಪ್ಪಬೇಡಿ.

ಪೈಪು, ವೈರಿನದೂ ಇದೇ ಕಥೆ. ಗೋಡೆಯೊಳಗಿನ ನೀರಿನ ಪೈಪಿಗೆ ಪ್ಲಾಸ್ಟರ್ ಮಾಡುವ ಮುಂಚೆ ಪಂಪ್ ಹಚ್ಚಿ ಒತ್ತಡ ಕೊಡುತ್ತಾರೆ. ಸಾಮಾನ್ಯವಾಗಿ ದಿನಬಳಕೆಯ ಒತ್ತಡದ ಒಂದೂವರೆ ಪಟ್ಟು. ಪ್ಲಾಸ್ಟಿಕ್ ಪೈಪು ಮೊದಮೊದಲು ಸ್ವಲ್ಪ ಹಿಗ್ಗುವುದರಿಂದ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೊಂಚ ಇಳಿಯಬಹುದು. ಮತ್ತೆ ಏರಿಸಿದ ಮೇಲೂ ಇಳಿಯುತ್ತಲೇ ಹೋದರೆ ಎಲ್ಲೋ ಜಾಯಿಂಟ್ ಬಿಟ್ಟಿದೆ. ವೈರಿಂಗ್‌ನಲ್ಲಿ ಗೋಡೆಯೊಳಗೆ ಟೇಪ್ ಸುತ್ತಿದ ಜಾಯಿಂಟ್ ಇರಲೇಬಾರದು. ಜಾಯಿಂಟ್ ಇದ್ದರೆ ತೆರೆದು ನೋಡಲು ಆಗುವ ಬಾಕ್ಸಿನಲ್ಲಿರಬೇಕು. ವೈರ್ ಎಳೆದಾದ ಮೇಲೆ ಇನ್ಸುಲೇಶನ್ ಪರೀಕ್ಷೆ, ಅಂದರೆ ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯಾ ಅನ್ನುವ ಪರೀಕ್ಷೆ, ಮಾಡಿದ ಕಾಗದ ಕೇಳಿ. ಮನೆಯ ವೈರಿಂಗಿಗೆ ಸಾಮಾನ್ಯವಾಗಿ 500 ವೋಲ್ಟ್‌ನಲ್ಲಿ ಅಳೆಯುತ್ತಾರೆ, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಪ್ಪುವಂತಿಲ್ಲ. ಬೋರ್ಡಿನಲ್ಲಿರುವ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್ ಸುರಕ್ಷತಾ ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿ "ನೋಡಿ, ಟ್ರಿಪ್ ಆಯ್ತು, ಎಲ್ಲ ಸರಿ" ಅನ್ನುತ್ತಾರೆ. ಆ ಗುಂಡಿ ಹೇಳುವುದು ಸ್ವಿಚ್ ಕೆಲಸ ಮಾಡುತ್ತದೆ ಅಂತ ಮಾತ್ರ. ನಿಮ್ಮ ಅರ್ತಿಂಗ್ ಸರಿಯಿದೆ ಅಂತ ಅದು ಹೇಳುವುದಿಲ್ಲ. ಅರ್ತಿಂಗನ್ನು ಬೇರೆಯಾಗಿಯೇ ಅಳೆಯಬೇಕು, ಅದೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದ. ಇದನ್ನು ನೀವೇ ಮಾಡಲು ಹೋಗಬೇಡಿ.

ಪೈಪಿಗಾಗಿ ಗೋಡೆ ಕೊರೆಯುವಾಗಲೂ ಅಲ್ಲಿರಿ. ಭಾರ ಹೊರುವ ಇಟ್ಟಿಗೆ ಗೋಡೆಯಲ್ಲಿ ಮೇಲಿಂದ ಕೆಳಗೆ ಕೊರೆದರೆ ದಪ್ಪದ ಮೂರನೇ ಒಂದು ಭಾಗ, ಅಡ್ಡಕ್ಕೆ ಕೊರೆದರೆ ಆರನೇ ಒಂದು ಭಾಗ ಮೀರಬಾರದು ಅನ್ನುವುದು ಬಳಕೆಯಲ್ಲಿರುವ ಲೆಕ್ಕ. ಕಾಂಕ್ರೀಟ್ ಕಂಬ, ತೊಲೆಯಂತೂ ಮುಟ್ಟುವ ಹಾಗೇ ಇಲ್ಲ. ಗೋಡೆ ತೆಗೆಯುವ ಮಾತು ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಬರಹದಲ್ಲಿ ಹೇಳುವವರೆಗೆ ಸುತ್ತಿಗೆ ಎತ್ತಲು ಬಿಡಬೇಡಿ. ಈ ವಿಷಯದಲ್ಲಿ ನಾನು ಅಂಕಣದಲ್ಲಿ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಗೋಡೆ ನೋಡದೆ ಹೇಳುವುದು ಸರಿಯಲ್ಲ.

ಪ್ಲಾಸ್ಟರ್ ಆಗುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಸುಮ್ನೆ ದೂರದಿಂದ ಅಲ್ಲ. ನೆಲದಿಂದ ಮತ್ತು ಮೂಲೆಯಿಂದ ಟೇಪ್ ಹಿಡಿದು, ಅಂಕಿ ಕಾಣುವ ಹಾಗೆ. ಒಬ್ಬ ತರುಣ ಹೀಗೆ ತೆಗೆದ ಫೋಟೋಗಳನ್ನು ಜೋಪಾನವಾಗಿ ಇಟ್ಟಿದ್ದ. ವರ್ಷಗಳ ನಂತರ ಅಡುಗೆಮನೆಗೆ ಕಪಾಟು ಕೂರಿಸುವಾಗ ಡ್ರಿಲ್ ಹಿಡಿದವನನ್ನು ನಿಲ್ಲಿಸಿ ಫೋನ್ ತೆಗೆದು ನೋಡಿದ. ತೂತು ಗುರುತು ಮಾಡಿದ ಜಾಗದಲ್ಲೇ ಬಿಸಿನೀರಿನ ಪೈಪು ಇತ್ತು.

ಇವೆಲ್ಲ ಆಗಬೇಕಾದರೆ ಕರಾರಿನಲ್ಲೇ ಬರೆಯಬೇಕು. ಕೆಲಸ ಶುರುವಾದ ಮೇಲೆ ಕೇಳಿದರೆ ನಂಬಿಕೆ ಇಲ್ಲವೇ ಅಂತ ಎದುರಿನವರ ಮನಸ್ಸು ನೋಯುತ್ತದೆ. ಬಹಳ ಜನರ ಕರಾರಿನಲ್ಲಿ ದುಡ್ಡಿನ ಕಂತು ತಾರೀಖಿಗೆ ಕಟ್ಟಿರುತ್ತದೆ, ಇಲ್ಲವೇ "ಅರ್ಧ ಕೆಲಸ ಆದ ಮೇಲೆ" ಅಂತ ಇರುತ್ತದೆ. ಅರ್ಧ ಯಾವುದು ಅಂತ ಯಾರು ಹೇಳಬೇಕು? ಅದರ ಬದಲು ಹೀಗೆ ಬರೆಯಿರಿ: ಬಚ್ಚಲಿನಲ್ಲಿ 24 ಗಂಟೆ ನೀರು ಕಟ್ಟಿ, ಎರಡೂ ಕಡೆಯವರು ನೋಡಿ ಸಹಿ ಹಾಕಿದ ಮೇಲೆ ಟೈಲ್ಸ್ ಕೆಲಸ ಶುರು, ಆಗ ಇಷ್ಟು ಕಂತು. ಪೈಪಿನ ಒತ್ತಡ ಪರೀಕ್ಷೆ, ವೈರಿಂಗ್ ಪರೀಕ್ಷೆ, ಫೋಟೋ ಆದ ಮೇಲೆ ಪ್ಲಾಸ್ಟರ್, ಆಗ ಇಷ್ಟು. ಮುಚ್ಚುವ ಮುಂಚೆ ಒಂದು ದಿನ ಮೊದಲೇ ಮನೆಯವರಿಗೆ ತಿಳಿಸಬೇಕು ಅಂತ ಒಂದು ಸಾಲು ಸೇರಿಸಿ. ಕೊನೆಯಲ್ಲಿ ಶೇಕಡಾ 5ರಿಂದ 10ರಷ್ಟು ಹಣವನ್ನು ಕೆಲವು ತಿಂಗಳು ತಡೆಹಿಡಿಯುವ ಪದ್ಧತಿಯೂ ಇದೆ. ಎಷ್ಟು, ಎಷ್ಟು ದಿನ ಅನ್ನುವುದನ್ನು ಮೊದಲೇ ಇಬ್ಬರೂ ಒಪ್ಪಿರಬೇಕು. ದೊಡ್ಡ ಕೆಲಸವಾದರೆ ಕರಾರನ್ನು ವಕೀಲರಿಗೆ ತೋರಿಸಿ. ನಾನು ಕಾನೂನು ಓದಿದವನಲ್ಲ.

ಒಳ್ಳೆಯ ಕಂಟ್ರ್ಯಾಕ್ಟರ್‌ಗಳು ಇದಕ್ಕೆ ಬೇಡ ಅನ್ನುವುದಿಲ್ಲ. ನನಗೆ ಪರಿಚಯದ ಒಬ್ಬರು ನೀರು ಕಟ್ಟಿದ ದಿನ ತಾವೇ ಮನೆಯವರಿಗೆ ಫೋನ್ ಮಾಡಿ "ಬಂದು ನೋಡಿ, ನಾಳೆ ಮುಚ್ಚುತ್ತೇನೆ" ಅನ್ನುತ್ತಾರೆ. ಬರದೇ ಇದ್ದರೆ ಬೇಜಾರಾಗುತ್ತಾರೆ. ಕಾಣದ ಜಾಗದಲ್ಲಿ ಅಷ್ಟು ಚೆಂದ ಮಾಡಿದ್ದನ್ನು ಒಬ್ಬರಾದರೂ ನೋಡಲಿ ಅನ್ನುವ ಆಸೆ ಅವರದು. ಅವರಂಥವರಿಗೆ ಪರೀಕ್ಷೆ ಮುಗಿದ ದಿನವೇ ಕಂತು ಕೊಡಿ. ಕೆಲಸ ತೋರಿಸಿದ ಮೇಲೂ ದುಡ್ಡಿಗೆ ವಾರಗಟ್ಟಲೆ ಓಡಾಡಿಸುವ ಮನೆಯವರನ್ನು ನಾನು ಕಂಡಿದ್ದೇನೆ. ಅದು ಅನ್ಯಾಯ. ಕೂಲಿಯವರ ಸಂಬಳ ಆ ಕಂತಿನಿಂದಲೇ ಹೋಗಬೇಕು.

ನೋಡಿ ಅಂದರೆ ದಿನವಿಡೀ ಬೆನ್ನ ಹಿಂದೆ ನಿಲ್ಲಿ ಅಂತ ಅರ್ಥವಲ್ಲ. ಕೆಲಸದ ಹುಡುಗನಿಗೆ ನೇರವಾಗಿ "ಇಲ್ಲೊಂದು ಪಾಯಿಂಟ್ ಹಾಕಿಬಿಡು" ಅಂತಲೂ ಹೇಳಬೇಡಿ. ಅವನು ಹಾಕಿಬಿಡುತ್ತಾನೆ. ಯಾವ ವೈರಿಗೆ ಹಾಕಿದ, ಅದು ಆ ಭಾರ ತಡೆಯುತ್ತದೆಯಾ, ದುಡ್ಡು ಎಷ್ಟು, ಯಾವುದೂ ಯಾರಿಗೂ ಗೊತ್ತಿರುವುದಿಲ್ಲ. ಬದಲಾವಣೆ ಬೇಕಾದರೆ ಕಂಟ್ರ್ಯಾಕ್ಟರ್‌ಗೆ ಒಂದು ಸಂದೇಶ ಕಳಿಸಿ, ಬೆಲೆಗೂ ದಿನಕ್ಕೂ ಉತ್ತರ ಬಂದ ಮೇಲೆ ಮುಂದುವರಿಯಿರಿ.

ಈಗಾಗಲೇ ಮುಚ್ಚಿಯಾಗಿದೆ, ಗೋಡೆ ಒದ್ದೆಯಾಗಿದೆ ಅನ್ನುವವರಿಗೆ: ಗಾಬರಿಯಲ್ಲಿ ಒಡೆಸಬೇಡಿ. ಸ್ವಿಚ್‌ಬೋರ್ಡಿನ ಹತ್ತಿರ ಒದ್ದೆಯಿದ್ದರೆ ಮೊದಲು ಆ ಸರ್ಕ್ಯೂಟಿನ ಕರೆಂಟ್ ಆಫ್ ಮಾಡಿ. ಆಮೇಲೆ ಮನೆಯ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ಅದು ಆಗಲೂ ತಿರುಗುತ್ತಿದ್ದರೆ ಎಲ್ಲೋ ಪೈಪು ಸೋರುತ್ತಿರಬಹುದು. ತಿರುಗದಿದ್ದರೆ ಕೆಲವು ದಿನ ಆ ಬಚ್ಚಲಲ್ಲಿ ಸ್ನಾನ ನಿಲ್ಲಿಸಿ, ಒದ್ದೆಯ ಅಂಚಿಗೆ ಪೆನ್ಸಿಲ್ ಗುರುತು ಹಾಕಿ. ಅಂಚು ಹಿಂದೆ ಸರಿಯತೊಡಗಿದರೆ ನೆಲದ ಪದರ ಅಥವಾ ಡ್ರೈನ್ ಮೇಲೆ ಅನುಮಾನ. ಏನೇ ಇರಲಿ, ಬೇರೆಯವರಿಂದ ಒಡೆಸುವ ಮುಂಚೆ ಮೊದಲು ಮಾಡಿದ ಕಂಟ್ರ್ಯಾಕ್ಟರ್‌ಗೆ ಫೋಟೋ ಸಮೇತ ಬರಹದಲ್ಲಿ ತಿಳಿಸಿ, ಬಂದು ನೋಡಲು ದಿನ ಕೊಡಿ. ಇನ್ನೊಬ್ಬರು ಕೈಹಾಕಿದ ಮೇಲೆ ತಪ್ಪು ಯಾರದು ಅಂತ ತೋರಿಸುವುದು ಬಹಳ ಕಷ್ಟ. ಎಷ್ಟೋ ಕರಾರುಗಳಲ್ಲಿ ಗ್ಯಾರಂಟಿಯೂ ಅಲ್ಲಿಗೇ ಮುಗಿಯುತ್ತದೆ.