ಟಿಬಿ ಬಂದ ಮನೆಯ ಬೇಳೆ ಡಬ್ಬಿ

ಟಿಬಿ ರೋಗಿ ಬಂದರೆ ಜೊತೆಗೆ ಬಂದವರನ್ನೂ ನಾನು ತೂಕದ ಮೆಷಿನ್ ಹತ್ತಿಸುತ್ತೇನೆ. ‘ಕಾಯಿಲೆ ಅವರಿಗೆ ಸಾರ್, ನನಗಲ್ಲ’ ಅನ್ನುತ್ತಾ ಗಾರೆ ಕೆಲಸದವರೊಬ್ಬರ ಹೆಂಡತಿ ಚಪ್ಪಲಿ ಬಿಟ್ಟು ಹತ್ತಿದರು. 37 ಕೆಜಿ. ಬೆಳಿಗ್ಗೆ ಟೀ, ಬನ್ನು. ರಾತ್ರಿ ಅನ್ನ, ಸಾರು. ಸಾರಿಗೆ ಎಷ್ಟು ಬೇಳೆ ಹಾಕ್ತೀರಮ್ಮಾ ಅಂದರೆ ಬೆರಳು ಮಡಚಿ ತೋರಿಸಿದರು. ಐದು ಜನಕ್ಕೆ ಅರ್ಧ ಹಿಡಿ. ಅದರಲ್ಲೂ ಗಟ್ಟಿ ಗಂಡನಿಗೆ, ಮಕ್ಕಳಿಗೆ. ತಿಳಿ ಇವರಿಗೆ.

ಟಿಬಿ ರೋಗಾಣು ಒಳಗೆ ಹೋದವರಿಗೆಲ್ಲ ಕಾಯಿಲೆ ಬರುವುದಿಲ್ಲ. ರಕ್ತದ ಬಿಳಿ ಕಣಗಳು ಅದನ್ನು ಸುತ್ತುವರಿದು ಕೂಡಿ ಹಾಕುತ್ತವೆ. ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಹೊಟ್ಟೆಗೆ ಸಾಲದೆ ಮೈ ಇಳಿದರೆ ಈ ಕಣಗಳ ಕಸುವೂ ಇಳಿಯುತ್ತದೆ, ಕಾವಲು ಸಡಿಲವಾಗುತ್ತದೆ.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ರೋಗಿಗಳಿಗೆಲ್ಲ ರೇಷನ್ ಸಿಕ್ಕಿತು. ಒಂದು ಗುಂಪಿನಲ್ಲಿ ಮನೆಯವರಿಗೂ ಕೊಟ್ಟರು: ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. 10,345 ಜನರನ್ನು ಗಮನಿಸಿದ ಈ ಅಧ್ಯಯನ 2023ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ರೇಷನ್ ಸಿಕ್ಕ ಮನೆಯವರಲ್ಲಿ ಟಿಬಿ, ಸಿಗದ ಮನೆಯವರಿಗಿಂತ ಸುಮಾರು 39ರಿಂದ 48 ಶೇಕಡಾ ಕಡಿಮೆಯಾಗಿತ್ತು. ಒಂದೂವರೆ ಕೆಜಿ ಅಂದರೆ ದಿನಕ್ಕೆ 50 ಗ್ರಾಂ ಬೇಳೆ, ಅಷ್ಟೇ!

ಮನೆಯವರಿಗೆ ಟಿಬಿ ಬರದಂತೆ ತಡೆಯುವ ಮಾತ್ರೆಯೂ ಇದೆ. ಪರೀಕ್ಷೆ ಮಾಡಿ ಕೊಡುತ್ತೇವೆ, ಅದನ್ನು ಬಿಡಬಾರದು. ಆದರೆ ಖಾಲಿ ಹೊಟ್ಟೆಯವರಿಗೆ ಬರೀ ಮಾತ್ರೆ ಬರೆದು ಕಳಿಸುವಾಗ ನನಗೇ ಮುಜುಗರ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಯ ಊಟಕ್ಕೆಂದು ಸರ್ಕಾರ ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ, 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಅದು ರೋಗಿಯ ಖಾತೆಗೆ. ಮನೆಯಲ್ಲಿ ತಿಳಿ ಕುಡಿಯುವವರ ಹೆಸರು ಅಲ್ಲಿಲ್ಲ.

ಆಯಮ್ಮನಿಗೆ ಮೊಟ್ಟೆ ತಿನ್ನಿ ಅಂದೆ. ‘ಮಾತ್ರೆನೇ ಹೀಟು, ಮೊಟ್ಟೆ ಬೇಡ ಅಂದ್ರು ಅತ್ತೆ’ ಅಂದರು. ಮಾತ್ರೆಗೂ ಮೊಟ್ಟೆಗೂ ಜಗಳವಿಲ್ಲ, ಗಂಡ ಹೆಂಡತಿ ಇಬ್ಬರೂ ದಿನಾ ಒಂದೊಂದು ತಿನ್ನಿ ಅಂದೆ. ಒಲ್ಲದಿದ್ದರೆ ಹುರಿಗಡಲೆ, ಕಡ್ಲೆಬೀಜ, ಹುರುಳಿ ಸಾರು.

ಹೊರಡುವಾಗ ಬ್ಯಾಗಿನಿಂದ ಡಬ್ಬಿಯೊಂದನ್ನು ತೆಗೆದರು. ಮೆಡಿಕಲ್ ಶಾಪಿನವರು ಕೊಟ್ಟ ‘ಇಮ್ಯುನಿಟಿ ಪೌಡರ್’, 450 ರೂಪಾಯಿ. ಇನ್ನೂ ಸೀಲ್ ಒಡೆದಿರಲಿಲ್ಲ. ವಾಪಸ್ ಕೊಟ್ಟು ತೊಗರಿಬೇಳೆ ತನ್ನಿ ಅಂದೆ.

‘ವಾಪಸ್ ತಗೋತಾರಾ ಸಾರ್?’ ಅಂದರು.