‘ರೀಕಂಡೀಷನ್’ ಎಂಜಿನ್ ಎಂದರೆ ಯಾವುದು?

ಕಳೆದ ವಾರ ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ನಿಂತಿದ್ದ ಮಾರುತಿ 800 ಕಾರಿನ ಹಿಂಬದಿಯ ಗಾಜಿನ ಮೇಲೆ ‘ಮಾರಾಟಕ್ಕಿದೆ, ರೀಕಂಡೀಷನ್ ಎಂಜಿನ್’ ಎಂದು ಬರೆದಿತ್ತು. ವಿಚಾರಿಸಿದಾಗ ತಿಳಿದದ್ದಿಷ್ಟು: ಹಳೆಯ ಎಂಜಿನ್ ಹೊಗೆ ಕಾರಲು ಶುರುಮಾಡಿದ್ದರಿಂದ, ಗುಜರಿಗೆ ಬಂದಿದ್ದ ಇನ್ನೊಂದು 800ರ ಎಂಜಿನ್ ತಂದು, ತೊಳೆದು, ಬೆಳ್ಳಿಬಣ್ಣ ಬಳಿದು ಕೂರಿಸಿದ್ದರು. ಅದನ್ನು ಯಾರೂ ಬಿಚ್ಚಿರಲಿಲ್ಲ. ಅಂಥದ್ದಕ್ಕೆ ‘ಸೆಕೆಂಡ್ ಹ್ಯಾಂಡ್’ ಎಂಬ ಸರಿಯಾದ ಹೆಸರು ಮೊದಲೇ ಇದೆ. ಅದನ್ನು ಬಿಟ್ಟು ಇನ್ನೊಂದು ಹೆಸರು ಅಂಟಿಸುವುದರಿಂದ, ನಿಜವಾಗಿ ರೀಕಂಡೀಷನ್ ಆದ ಎಂಜಿನ್ನಿಗೆ ಕೊಡಬೇಕಾದ ಬೆಲೆಯನ್ನು ಕೊಳ್ಳುವವರು ಬಣ್ಣಕ್ಕೆ ತೆರುತ್ತಿದ್ದಾರೆ.

‘ಕಂಡೀಷನ್’ ನಮ್ಮ ಬಾಯಲ್ಲಿ ಎರಡು ಅರ್ಥ ಕೊಡುತ್ತದೆ. ‘ಗಾಡಿ ಒಳ್ಳೇ ಕಂಡೀಷನ್ನಿನಲ್ಲಿದೆ’ ಎನ್ನುವಾಗ ಅದು ಸ್ಥಿತಿ. ‘ಕೊಡುತ್ತೇನೆ, ಆದರೆ ಒಂದು ಕಂಡೀಷನ್’ ಎನ್ನುವಾಗ ಷರತ್ತು. ಹಳೆಯದು ಎರಡನೆಯದೇ. ಲ್ಯಾಟಿನ್ನಿನ ಮೂಲಪದಕ್ಕೆ ಒಟ್ಟಿಗೆ ಕೂತು ಆಡಿದ ಮಾತು, ಒಪ್ಪಂದ ಎಂಬ ಅರ್ಥವಿತ್ತು; ಸ್ಥಿತಿ ಎಂಬ ಅರ್ಥ ಅದರಿಂದ ಮುಂದೆ ಬೆಳೆಯಿತು. ಎಂಜಿನ್ನಿನ ವಿಷಯದಲ್ಲಿ ಈ ಎರಡು ಅರ್ಥಗಳೂ ಕೂಡಬೇಕು ಎಂಬುದು ನನ್ನ ಅಭಿಪ್ರಾಯ. ಸಿಲಿಂಡರ್ (ಪಿಸ್ಟನ್ ಏರಿಳಿಯುವ ಕೊಳವೆ) ಇಷ್ಟು, ಕ್ರ್ಯಾಂಕ್ (ಆ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ಇಷ್ಟು, ನಡುವಿನ ಸಂದು ಇಷ್ಟು ಎಂದು ತಯಾರಕರು ಕೊಟ್ಟ ಮಾತಿದೆಯಲ್ಲ, ಸವೆದ ಎಂಜಿನ್ನನ್ನು ಆ ಮಾತಿಗೆ ಮರಳಿಸುವುದೇ ರೀಕಂಡೀಷನ್. ಇದನ್ನು ‘ನವೀಕೃತ ಎಂಜಿನ್’ ಎಂದು ಕನ್ನಡಿಸುವವರಿದ್ದಾರೆ. ಅದರಲ್ಲಿ ಹೊಸತೆಂಬ ಭ್ರಮೆ ಇಣುಕುತ್ತದೆ. ದೇವಸ್ಥಾನಗಳಿಗೆ ಬಳಸುವ ‘ಜೀರ್ಣೋದ್ಧಾರ’ವೇ ಇದಕ್ಕೆ ಹತ್ತಿರದ ಪದ. ಜೀರ್ಣವಾದದ್ದನ್ನು, ಅಂದರೆ ಸವೆದದ್ದನ್ನು, ಮೇಲೆತ್ತುವುದು. ಕಲ್ಲು ಅದೇ, ಗೋಡೆಯ ನೇರ ಮಾತ್ರ ಮರಳಿ ಬರುತ್ತದೆ.

ಸವೆತವನ್ನು ಕೈಯಲ್ಲೇ ಮುಟ್ಟಿ ನೋಡಬಹುದು. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿ, ಸಿಲಿಂಡರಿನ ಒಳಗೋಡೆಗೆ ಉಗುರು ಒತ್ತಿ ಮೇಲಕ್ಕೆಳೆದರೆ, ಬಾಯಿಯ ಹತ್ತಿರ ಒಂದು ಸಣ್ಣ ಅಂಚಿಗೆ ಉಗುರು ತಡೆಯುತ್ತದೆ. ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು ಅಲ್ಲಿಯವರೆಗೆ ಏರುವುದಿಲ್ಲವಾದ್ದರಿಂದ ಆ ಅಂಚು ಮೂಲ ಅಳತೆಯಲ್ಲೇ ಉಳಿದಿರುತ್ತದೆ. ಅದರ ಕೆಳಗಿನ ಗೋಡೆ ತಿಂದುಹೋಗಿರುತ್ತದೆ. ಸವೆತ ಮೇಲ್ಭಾಗದಲ್ಲಿ ಹೆಚ್ಚು, ಕೆಳಗೆ ಕಡಿಮೆ, ಪಿಸ್ಟನ್ ಒತ್ತುವ ಪಕ್ಕಗಳಲ್ಲಿ ಇನ್ನೂ ಹೆಚ್ಚು, ಹಾಗಾಗಿ ದುಂಡಗಿದ್ದದ್ದು ಅಂಡಾಕಾರವಾಗಿರುತ್ತದೆ. ಎಂಜಿನ್ ‘ಬೋರಿಗೆ ಬಂದಿದೆ’ ಎನ್ನುವುದು ಆಗಲೇ. ನಮ್ಮ ಸೀಮೆಯಲ್ಲಿ ಬೋರ್ ಎಂದರೆ ಮೊದಲು ನೆನಪಾಗುವುದು ಕೊಳವೆಬಾವಿ. ಎರಡರಲ್ಲೂ ಕೊರೆಯುವುದೇ ಮೂಲಾರ್ಥ. 800ರ ಸಿಲಿಂಡರಿನ ವ್ಯಾಸ 68.5 ಮಿ.ಮೀ. ಅದನ್ನು 69ಕ್ಕೆ ಕೊರೆದು ಅದೇ ಗಾತ್ರದ ಪಿಸ್ಟನ್ ಹಾಕಿದರೆ 796 ಸಿ.ಸಿ. ಎಂಜಿನ್ ಸುಮಾರು 808 ಸಿ.ಸಿ. ಆಗುತ್ತದೆ. ಕೊರೆಯಲು ಇನ್ನು ಗೋಡೆ ಉಳಿದಿಲ್ಲವೆಂದಾದರೆ ಸ್ಲೀವ್ ಎಂಬ ಒಳಕೊಳವೆ ಕೂರಿಸಿ ಮೂಲ ಅಳತೆಗೆ ತರುತ್ತಾರೆ.

ಆದರೆ ಬೋರ್ ಮಾಡಿಸಿದ ಮಾತ್ರಕ್ಕೆ ರೀಕಂಡೀಷನ್ ಆಗಲಿಲ್ಲ. ಸವೆದ ಕ್ರ್ಯಾಂಕನ್ನು ಉಜ್ಜಿ ದುಂಡಗಾಗಿಸುವ ಗ್ರೈಂಡಿಂಗ್, ಅದಕ್ಕೆ ಹೊಂದುವ ಬೇರಿಂಗು, ಹೆಡ್ಡಿನ ಮುಖ ಮಟ್ಟಸ, ವಾಲ್ವ್ ಸೀಟು, ಆಯಿಲ್ ಪಂಪು ಇವೆಲ್ಲ ಅಳತೆಗೆ ಒಳಗಾಗಿರಬೇಕು. ಹೊಸ ರಿಂಗು ಮಾತ್ರ ಹಾಕಿದ್ದರೆ ಅದು ರಿಂಗ್ ಕೆಲಸ, ಹಾಗೆಯೇ ಕರೆಯಬೇಕು. ದಶಕಗಳ ಕಾಲ ಲೇತ್ ತಯಾರಿಸಿದ ಹರಿಹರ ಪಕ್ಕದಲ್ಲೇ ಇರುವಾಗ ಅಳತೆಯ ಮಾತು ದಾವಣಗೆರೆಗೆ ಹೊಸದಾಗಬಾರದು. ‘ಬೋರ್ ಎಷ್ಟಕ್ಕೆ ಹೋಗಿದೆ, ಕ್ರ್ಯಾಂಕ್ ಎಷ್ಟಕ್ಕೆ ಇಳಿದಿದೆ’ ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಬಾರದಿದ್ದರೆ ಆ ಎಂಜಿನ್ನಿಗೆ ಈ ಪದ ಸಲ್ಲುವುದಿಲ್ಲ.

ಬೇರೆ ಗಾಡಿಯ ಎಂಜಿನ್ ಕೂರಿಸುವಾಗ ಹೇಳುವ ‘ಅದೇ ಎಂಜಿನ್’ ಎಂಬ ಮಾತೂ ಇಷ್ಟೇ ಸಡಿಲವಾಗಿ ಬಳಕೆಯಾಗುತ್ತಿದೆ. ಮಾರುತಿಯದೇ ವ್ಯಾನ್ ಒಮ್ನಿಯದೂ 796 ಸಿ.ಸಿ. ಎಂಬುದು ನಿಜವೇ, ಆದರೆ ಒಮ್ನಿಯಲ್ಲಿ ಅದು ಸೀಟಿನಡಿ ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ಓಡಿಸುತ್ತದೆ, 800ರಲ್ಲಿ ಬಾನೆಟ್ಟಿನಡಿ ಅಡ್ಡಕ್ಕೆ ಕೂತು ಮುಂದಿನ ಚಕ್ರಗಳನ್ನು ಓಡಿಸುತ್ತದೆ. 800ರೊಳಗೇ ಕಾರ್ಬ್ಯುರೇಟರಿನದು ಬೇರೆ, ಆಮೇಲೆ ಬಂದ, ಇಂಧನವನ್ನು ಕಂಪ್ಯೂಟರಿನ ಲೆಕ್ಕದಲ್ಲಿ ಚಿಮ್ಮಿಸುವ ಎಂಪಿಎಫ್ಐ ಬೇರೆ. ಎರಡನೆಯದಕ್ಕೆ ಕಂಪ್ಯೂಟರು, ಸೆನ್ಸರು, ವೈರಿಂಗು ಎಲ್ಲವೂ ಜೊತೆಗೇ ಬೇಕು.

ಈ ಪದಗಳ ವ್ಯತ್ಯಾಸ ಆರ್‌ಸಿಯಲ್ಲೂ ಕಾಣುತ್ತದೆ. ಸ್ವಂತ ಕಾರಿನ ಬ್ಲಾಕನ್ನೇ ರೀಕಂಡೀಷನ್ ಮಾಡಿಸಿದರೆ ಅದರ ಮೇಲೆ ಕೊರೆದಿರುವ ಎಂಜಿನ್ ನಂಬರು ಬದಲಾಗುವುದಿಲ್ಲ. ಬೇರೆ ಎಂಜಿನ್ ಕೂರಿಸುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಅನುಮತಿ ಪಡೆದು ಹೊಸ ನಂಬರನ್ನು ಆರ್‌ಸಿಯಲ್ಲಿ ದಾಖಲಿಸಬೇಕು. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು. ದಾವಣಗೆರೆಯ ಕೆಎ-17 ಆಗಲಿ ಚಿತ್ರದುರ್ಗದ ಕೆಎ-16 ಆಗಲಿ, ಆ ತಪಾಸಣೆಯಲ್ಲಿ ಬಾನೆಟ್ ತೆರೆದು ನೋಡುವುದು ಬಣ್ಣವನ್ನಲ್ಲ, ನಂಬರನ್ನು.