ಕೆರೆ ಕೆಂಪಾದ್ರೆ ಮೊದ್ಲು ಮೈಲುತುತ್ತು ಹಾಕ್ಬೇಡಿ

ಬೇಸಿಗೆ ಬಂತಂದ್ರೆ ಉಡುಪಿ ಆಸುಪಾಸಿನವರು ಬಾಟ್ಲಿಯಲ್ಲಿ ಕೆರೆ ನೀರು ಹಿಡ್ಕೊಂಡು ನಮ್ಮ ಲ್ಯಾಬಿಗೆ ಬರ್ತಾರೆ. "ಸರ್, ಬೆಳಿಗ್ಗೆ ಹಸಿರಿತ್ತು, ಮಧ್ಯಾಹ್ನ ನೋಡುವಾಗ ರಕ್ತದ ಹಾಗೆ ಉಂಟು, ಇದೆಂತ ದೋಷವಾ?" ಅಂತ ಕೇಳ್ತಾರೆ. ನನಗೆ ಆ ಬೆಳಿಗ್ಗೆ-ಮಧ್ಯಾಹ್ನದ ಮಾತಲ್ಲೇ ಅರ್ಧ ಉತ್ತರ ಸಿಕ್ತದೆ. ಯುಗ್ಲೀನಾ ಸಾಂಗ್ವಿನಿಯಾ ಅಂತ ಒಂದು ಸೂಕ್ಷ್ಮಜೀವಿ ಉಂಟು, ಬಿಸಿಲು ಜೋರಾದಾಗ ಅದು ಒಳಗಿನ ಕೆಂಪು ಕಣಗಳನ್ನು ಅಂಚಿಗೆ ಹರಡಿ ಹಸಿರನ್ನು ಮುಚ್ಚಿಕೊಳ್ತದೆ, ಬಿಸಿಲು ಇಳಿದ ಮೇಲೆ ನಡುವಿಗೆ ಎಳ್ಕೊಳ್ತದೆ.

ನೀರು ಕೆಂಪಾಗುದು ನಮ್ಮಲ್ಲಿ ಮಾತ್ರ ಅಲ್ಲ. ಇಟಲಿಯ ಟ್ರೆಂಟಿನೊದಲ್ಲಿ ಬೆಟ್ಟದ ನಡುವೆ, 1,178 ಮೀಟರ್ ಎತ್ತರದಲ್ಲಿ, ತೋವೆಲ್ ಸರೋವರ ಉಂಟು. ಅದು ಬೇಸಿಗೆಯಲ್ಲಿ ಕೆಂಪಾಗ್ತಿತ್ತು. ರಗೋಲಿಯ ರಾಣಿ ತ್ರೆಸೆಂಗಾ ಪಕ್ಕದೂರಿನ ರಾಜನನ್ನು ಮದುವೆ ಆಗಲ್ಲ ಅಂದ್ಲು, ಅವನು ಸೈನ್ಯ ಕಳಿಸಿದ, ದಡದಲ್ಲೇ ಅವಳೂ ಅವಳ ಜನರೂ ಸತ್ತರು, ಆ ರಕ್ತವೇ ನೀರಲ್ಲಿ ಕಾಣುದು ಅಂತ ಅಲ್ಲಿಯವರ ಕಥೆ. ಕೆಂಪು ಮಾಡ್ತಿದ್ದದ್ದು ತೊವೆಲ್ಲಿಯಾ ಸಾಂಗ್ವಿನಿಯಾ ಅನ್ನುವ ಪಾಚಿ. 1964ರ ನಂತರ ಅದು ಹಾಗೆ ಕೆಂಪಾಗಲೇ ಇಲ್ಲ. ಮೇಲಿನ ಹುಲ್ಲುಗಾವಲಲ್ಲಿ ದನ ಮೇಯಿಸುವ ಕ್ರಮ ಬದಲಾಯ್ತು, ಸೆಗಣಿಯಿಂದ ಇಳಿದು ಬರ್ತಿದ್ದ ಸಾರಜನಕ, ರಂಜಕ ಕಮ್ಮಿಯಾಯ್ತು, ಪಾಚಿಗೆ ಊಟವೇ ಇಲ್ಲ. ಕೆಂಪು ಏಳ್ತಿದ್ದದ್ದು ಮುಖ್ಯವಾಗಿ ಒಂದೇ ಕಡೆ, ಅದನ್ನು ಈಗಲೂ ಕೆಂಪು ಕೊಲ್ಲಿ ಅಂತಲೇ ಕರೀತಾರೆ.

ನಮ್ಮಲ್ಲೂ ಲೋನಾರ್ ಸರೋವರ ಉಂಟಲ್ಲ, ಮಹಾರಾಷ್ಟ್ರದ್ದು, ವಿಷ್ಣು ಲವಣಾಸುರನನ್ನು ಕೊಂದ ಜಾಗ ಅಂತ ನಂಬ್ತಾರೆ. 2020ರ ಜೂನಲ್ಲಿ ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ನೀರು ಇಳಿದು ಉಪ್ಪು ಹೆಚ್ಚಾದಾಗ ಉಪ್ಪಲ್ಲೇ ಬದುಕುವ ಹ್ಯಾಲೋಆರ್ಕಿಯಾ ಜೀವಿಗಳು ಬೆಳೆದದ್ದೇ ಕಾರಣ ಅಂತ ಪುಣೆಯ ಅಗರ್ಕರ್ ಸಂಸ್ಥೆಯವರು ಕಂಡುಕೊಂಡರು.

ನಮ್ಮ ಮುರಕಲ್ಲಿನ (ಕಬ್ಬಿಣದಂಶದ ಕೆಂಪು ಕಲ್ಲಿನ) ಊರುಗಳಲ್ಲಿ ಇನ್ನೊಂದು ಕೆಂಪೂ ಉಂಟು, ಕಬ್ಬಿಣದ್ದು. ನೀರ ಮೇಲೆ ಎಣ್ಣೆ ಹಾಗೆ ಪದರ ಇದ್ದು, ಕೋಲಲ್ಲಿ ಮುಟ್ಟಿದಾಗ ಚೂರುಚೂರಾದ್ರೆ ಹೆಚ್ಚಾಗಿ ಅದೇ, ಹೆದರುದು ಬೇಡ. ಯುಗ್ಲೀನಾ ಆದ್ರೆ ಜಾಗ್ರತೆ, ಅದರ ವಿಷಕ್ಕೆ ಮೀನು ಸಾಯ್ತದೆ. ಹಾಗಂತ ತೋಟಕ್ಕೆ ತಂದ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) ದಯವಿಟ್ಟು ದೇವಸ್ಥಾನದ ಕೆರೆಗೆ ಸುರಿಯಬೇಡಿ, ಪಾಚಿ ಒಟ್ಟಿಗೇ ಸತ್ತು ಕೊಳೆತು ನೀರಿನ ಆಮ್ಲಜನಕ ಹೀರ್ತದೆ, ಉಳಿದ ಮೀನೂ ತೇಲ್ತದೆ. ಕೊಟ್ಟಿಗೆ ನೀರು, ಕಕ್ಕಸು ಪಿಟ್ಟಿನ ನೀರು ಎಲ್ಲಿಂದ ಇಳೀತದೆ ಅಂತ ಮೊದ್ಲು ಹುಡುಕಿ.

ಸ್ಯಾಂಪಲ್ ಬೆಳಿಗ್ಗೆದ್ದೊಂದು, ಮಧ್ಯಾಹ್ನದ್ದೊಂದು ತನ್ನಿ. ಜೊತೆಗೆ ಆ ಕೆರೆ ಬಗ್ಗೆ ಅಜ್ಜ-ಅಜ್ಜಿ ಹೇಳುವ ಕಥೆಯನ್ನೂ ಕೇಳ್ಕೊಂಡು ಬನ್ನಿ, ಯಾವ ತಿಂಗಳು, ಯಾವ ಮೂಲೆ ಅನ್ನುದು ಎಷ್ಟೋ ಸಲ ಅದರೊಳಗೇ ಇರ್ತದೆ.